ಬೆಳೆದ ಜಾಕೆಟ್ಟು, ಬಳಿದ ಪ್ಲಾಸ್ಟಿಕ್ಕು

ಮತ್ತೆ ಬಂದಿದೆ ನೋಡಿ, ‘ಇನ್ನು ಬಟ್ಟೆ ನೇಯಬೇಕಿಲ್ಲ, ಬೆಳೆದರಾಯಿತು’ ಎಂಬ ಸುದ್ದಿ. ಜೊತೆಗೆ ಸಿಹಿ ಚಹಾದಲ್ಲಿ ಬ್ಯಾಕ್ಟೀರಿಯಾ ಬೆಳೆಸಿದ ಅದೇ ಕಂದು ಜಾಕೆಟ್ಟಿನ ಫೋಟೊ. ಇಷ್ಟು ದಿನ ಹತ್ತಿ ಗಿಡವನ್ನು ಕಾರ್ಖಾನೆಯಲ್ಲಿ ಎರಕ ಹೊಯ್ಯುತ್ತಿದ್ದರು, ರೇಷ್ಮೆಹುಳ ಬ್ಯಾಟರಿಯಲ್ಲಿ ಓಡುತ್ತಿತ್ತು ಅಂತ ಕಾಣುತ್ತದೆ.

ವಿಧಾನವೇನೋ ಸುಲಭ. 2 ಲೀಟರ್ ನೀರು ಕುದಿಸಿ ಗ್ರೀನ್ ಟೀ ಹಾಕಿ, 200 ಗ್ರಾಂ ಸಕ್ಕರೆ ಕರಗಿಸಿ. 30 ಡಿಗ್ರಿಗಿಂತ ಕೆಳಗೆ ಆರಿದ ಮೇಲೆ 200 ಮಿ.ಲೀ. ವಿನೆಗರ್, ಒಂದು ಜೀವಂತ ಕೊಂಬುಚಾ (ಚಹಾ ಹುಳಿ ಬರಿಸುವ ಬ್ಯಾಕ್ಟೀರಿಯಾ, ಯೀಸ್ಟುಗಳ ಲೋಳೆಗಡ್ಡೆ) ತುಣುಕು. ಬಿಸಿ ಬಿಸಿಯಾಗೇ ಹಾಕಿದಿರೋ, ಬ್ಯಾಕ್ಟೀರಿಯಾಕ್ಕೆ ಅಲ್ಲೇ ತಿಥಿ. ಹುಳಿ ಸಾಲದಿದ್ದರೆ ಹಸಿರು ಬೂಸ್ಟು ಹಿಡಿಯುತ್ತದೆ, ಅಷ್ಟೂ ಚೆಲ್ಲಬೇಕು. ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ. (ಬಟ್ಟೆ ಬೆಳೆಯಲಿಕ್ಕೂ ಒಂದು ಬಟ್ಟೆ ಬೇಕು, ಅದು ನೇಯ್ದದ್ದೇ.) ಬ್ಯಾಕ್ಟೀರಿಯಾ ಸಕ್ಕರೆ ತಿಂದು ಮೇಲೆ ನಾರಿನ ಕೆನೆ ಕಟ್ಟುತ್ತದೆ; ಎರಡರಿಂದ ನಾಲ್ಕು ವಾರ ಅಲುಗಾಡಿಸಬೇಡಿ. ಅಲುಗಿದರೆ ಕೆನೆ ಮುಳುಗಿ ಅದರ ಮೇಲೆ ಹೊಸ ಕೆನೆ ಕಟ್ಟುತ್ತದೆ, ಆಮೇಲೆ ಎರಡೂ ಪದರ ಬಿಟ್ಟುಕೊಳ್ಳುತ್ತವೆ. 2 ಸೆಂ.ಮೀ. ದಪ್ಪವಾದಾಗ ಎತ್ತಿ, ಸೋಪುನೀರಲ್ಲಿ ತೊಳೆದು, ಮರದ ಹಲಗೆಯ ಮೇಲೆ ಹರಡಿ.

ಆಗ ಗೊತ್ತಾಗುತ್ತದೆ ಮಹಾತ್ಮೆ. ಆ ಲೋಳೆಯ ತೂಕದಲ್ಲಿ ನೂರಕ್ಕೆ 98-99 ಭಾಗ ಬರೀ ನೀರು. ಬೆರಳು ದಪ್ಪದ್ದು ಒಣಗಿ ಕಾಗದ. ಅರ್ಧ ಕೆಜಿ ಜಾಕೆಟ್ಟಿಗೆ 25ರಿಂದ 50 ಕೆಜಿ ಲೋಳೆ ಎತ್ತಿ ಒಣಗಿಸಬೇಕು. ಇದಕ್ಕೆ ‘ತಾನಾಗೇ ಬೆಳೆಯುವ ಉಡುಪು’ ಅಂತ ಹೆಸರು.

ಈ ಚಹಾ ಬಟ್ಟೆಯನ್ನು ಲೋಕಕ್ಕೆ ತೋರಿಸಿದ ಫ್ಯಾಷನ್ ವಿನ್ಯಾಸಕಿ ಸುಜಾನ್ ಲೀ 2011ರ ಟೆಡ್ ವೇದಿಕೆಯ ಭಾಷಣದಲ್ಲೇ ಮುಚ್ಚುಮರೆಯಿಲ್ಲದೆ ಹೇಳಿದ್ದರು: ಮಳೆಗೆ ಸಿಕ್ಕರೆ ಇದು ನೀರು ಹೀರಿ ಭಾರವಾಗಿ, ಕೊನೆಗೆ ಹೊಲಿಗೆಯೇ ಬಿಟ್ಟುಹೋದೀತು ಅಂತ. ಸುದ್ದಿ ಬರೆಯುವವರು ಅಷ್ಟು ಹೊತ್ತಿಗೆ ಎದ್ದು ಹೋಗಿದ್ದರೇನೋ.

ಜೇಡದ ಕಥೆ ಇನ್ನೂ ಚೆನ್ನ. ಮಡಗಾಸ್ಕರ್‌ನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜೇಡ ಹಿಡಿದು, ನೂಲು ಎಳೆದು, ಒಂದು ಹೊನ್ನಬಣ್ಣದ ಮೇಲಂಗಿ ಮಾಡಿದರು. ಒಂದೇ. ಜೇಡಗಳನ್ನು ರೇಷ್ಮೆಹುಳದಂತೆ ಸಾಕೋಣವೆಂದರೆ ಒಂದನ್ನೊಂದು ತಿನ್ನುತ್ತವೆ. ಸರಿ, ಸೂಕ್ಷ್ಮಜೀವಿಗೆ ಜೇಡದ ಪ್ರೋಟೀನು ಕಲಿಸಿದ್ದಾಯಿತು. ಜೇಡದ ರೇಷ್ಮೆ ಒದ್ದೆಯಾದರೆ ಮುದುಡುವ ಜಾತಿ! ಜಪಾನಿನ ಸ್ಪೈಬರ್ ಕಂಪನಿ ಪ್ರೋಟೀನನ್ನೇ ತಿದ್ದಿ ಬರೆಯಬೇಕಾಯಿತು. 2015ರಲ್ಲಿ ತೋರಿಸಿದ ಕೋಟು 2019ರಲ್ಲಿ ಮಾರಾಟಕ್ಕೆ ಬಂತು: 50 ಕೋಟು, ಒಂದಕ್ಕೆ ಒಂದೂವರೆ ಲಕ್ಷ ಯೆನ್. ಭೂಮಿ ಉಳಿಯಿತು, ಐವತ್ತು ಜನರ ಮಟ್ಟಿಗೆ.

ಇಲ್ಲಿಯವರೆಗೆ ನಗಬಹುದು. ಒದ್ದೆಯಾಗಬಾರದು, ಸವೆಯಬಾರದು ಎಂದು ಅನಾನಸ್ ಎಲೆಯ ‘ಚರ್ಮ’ಕ್ಕೂ ಪಾಪಸುಕಳ್ಳಿಯ ‘ಚರ್ಮ’ಕ್ಕೂ ಪಾಲಿಯುರೆಥೇನ್ ಸೇರಿಸುತ್ತಾರಲ್ಲ, ಅದು ಪ್ಲಾಸ್ಟಿಕ್ಕು ಕಣ್ರೀ. ನಾರಿಗೆ ಅಂಟಿಕೊಂಡ ಮೇಲೆ ಬಿಡಿಸಲಿಕ್ಕಾಗದು; ಅತ್ತ ಗೊಬ್ಬರವಾಗದು, ಇತ್ತ ಮರುಬಳಕೆಗೂ ಬಾರದು. ಹಾಗಂತ ಮಾಲಿನ ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆಯಿರಿ. ಹಸಿರು ಎಲೆಯ ಚಿತ್ರ ಬರೆದದ್ದು ಸಾಕು.