ಸದ್ದಿನ ಗುಂಡಿ ಒತ್ತಿದರೆ ಸದ್ದೇ ಇಲ್ಲ

ವಿಂಡೋಸ್ ಬದಲು ಲಿನಕ್ಸ್ ಹಾಕಿದ ಕಂಪ್ಯೂಟರಿಗೆ ವೈರ್‌ಲೆಸ್ ಕೀಬೋರ್ಡ್ ತಂದವರಿಗೆ ಮೊದಲ ಐದು ನಿಮಿಷ ಸ್ವರ್ಗ. ಡಾಂಗಲ್ ಎಂಬ ಪುಟ್ಟ ರಿಸೀವರನ್ನು ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಿದ ಕೂಡಲೇ ಅಕ್ಷರಗಳೆಲ್ಲ ಬರುತ್ತವೆ, ಡ್ರೈವರು ಗೀವರು ಅಂತ ಯಾರೂ ಕೇಳುವುದಿಲ್ಲ. ಆಮೇಲೆ ಕೈ ಎಫ್1, ಎಫ್2 ಗುಂಡಿಗಳಿರುವ ಮೇಲಿನ ಸಾಲಿಗೆ ಹೋಗುತ್ತದೆ. ಸದ್ದು ತಗ್ಗಿಸಲು ಒತ್ತಿದರೆ ಬ್ರೌಸರ್ ಪರದೆ ತುಂಬ ಹಿಗ್ಗಿ ನಿಲ್ಲುತ್ತದೆ. ಇನ್ನೊಂದು ಒತ್ತಿದರೆ ಯಾರೂ ಕೇಳದ ಸಹಾಯ ಪುಟ ತೆರೆಯುತ್ತದೆ. ಮೈಕ್ ಚಿತ್ರ ಇರುವ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ, ಆದದ್ದು ಗೊತ್ತೂ ಆಗುವುದಿಲ್ಲ. ಅತ್ತಿಗೆ ಅಡುಗೆಮನೆಯಿಂದ ಆಡಿದ ಮಾತೆಲ್ಲ ಆಫೀಸಿನ ಮೀಟಿಂಗಿಗೆ ಹೋಗಿರುತ್ತದೆ.

ಇಲ್ಲಿ ಜನ ಮಾಡುವ ಮೊದಲ ಕೆಲಸ ಲಿನಕ್ಸಿಗೆ ಬಯ್ಯುವುದು. ಎರಡನೆಯದು ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್ ಎಲ್ಲ ಕೆದಕುವುದು. ಎರಡೂ ದಂಡ. ಗುಂಡಿಯ ಸುದ್ದಿ ನಾಲ್ಕು ಕೈ ದಾಟಿ ಬರಬೇಕು: ಕೀಬೋರ್ಡಿನೊಳಗಿನ ಚಿಪ್, ಡಾಂಗಲ್, ಲಿನಕ್ಸಿನ ತಿರುಳಾದ ಕರ್ನಲ್, ಕೊನೆಗೆ ಕಣ್ಣಿಗೆ ಕಾಣುವ ಡೆಸ್ಕ್‌ಟಾಪ್. ಯಾವ ಕೈಯಲ್ಲಿ ಸುದ್ದಿ ನಿಂತಿತು ಎಂದು ನೋಡದೆ ಕೊನೆಯವನ ಕಿವಿ ಹಿಂಡಿದರೆ ಪ್ರಯೋಜನವಿಲ್ಲ. ಎಫ್‌ಎನ್ (Fn) ಗುಂಡಿಯನ್ನೇ ನೋಡಿ. ಬಹುಪಾಲು ಕೀಬೋರ್ಡುಗಳಲ್ಲಿ ಅದರ ಸುದ್ದಿ ಚಿಪ್ ಬಿಟ್ಟು ಹೊರಗೇ ಬರುವುದಿಲ್ಲ. ಎಫ್‌ಎನ್ ಒತ್ತಿದ್ದು ಲಿನಕ್ಸಿಗೆ ಗೊತ್ತೇ ಇಲ್ಲ, ಹಾಗಾಗಿ ಅದಕ್ಕೆ ಶಾರ್ಟ್‌ಕಟ್ ಕೊಡಿಸುವ ಆಸೆ ಬಿಡಬೇಕು.

ಸುದ್ದಿ ಎಲ್ಲಿಯವರೆಗೆ ಬಂತು ಎಂದು ತೋರಿಸುವುದು ಎವ್‌ಟೆಸ್ಟ್ (evtest) ಎಂಬ ಆಜ್ಞೆ. ಟರ್ಮಿನಲ್‌ನಲ್ಲಿ ಅದರ ಮುಂದೆ ಸುಡೊ (sudo, ಯಜಮಾನನ ಹಕ್ಕು) ಹಾಕಿ ಓಡಿಸಿದರೆ ಸಾಧನಗಳ ಪಟ್ಟಿ ಬರುತ್ತದೆ, ನಂಬರ್ ಆರಿಸಿ ಗುಂಡಿ ಒತ್ತಬೇಕು. ಇಲ್ಲೊಂದು ಹೊಂಡ ಇದೆ. ಒಂದೇ ಕೀಬೋರ್ಡ್ ಪಟ್ಟಿಯಲ್ಲಿ ಮೂರು ನಾಲ್ಕು ಹೆಸರಿನಲ್ಲಿ ಕೂತಿರುತ್ತದೆ: ಬರೀ ಕೀಬೋರ್ಡ್, ಕನ್ಸ್ಯೂಮರ್ ಕಂಟ್ರೋಲ್, ಸಿಸ್ಟಮ್ ಕಂಟ್ರೋಲ್, ಕೆಲವೊಮ್ಮೆ ಮೌಸ್ ಕೂಡ. ಸದ್ದಿನ ಗುಂಡಿಗಳು ಸಾಮಾನ್ಯವಾಗಿ ಕನ್ಸ್ಯೂಮರ್ ಕಂಟ್ರೋಲ್ ಕಡೆ ಬರುತ್ತವೆ. ಮೊದಲಿನದನ್ನು ಆರಿಸಿ ಹತ್ತು ಸಲ ಒತ್ತಿ, ಗುಂಡಿ ಸತ್ತಿದೆ ಎಂದು ಶಿವಮೊಗ್ಗದ ಬಸ್ಸು ಹತ್ತುವವರೇ ಜಾಸ್ತಿ. ಸರಿಯಾದ ಕಡೆ ನೋಡಿದರೆ ಮ್ಯೂಟ್ ಒತ್ತಿದಾಗ ಕೋಡ್ 113, ಸದ್ದು ಇಳಿಸಿದರೆ 114, ಏರಿಸಿದರೆ 115 ಎಂದು ಬೀಳುತ್ತದೆ. ಒತ್ತಿದ್ದಕ್ಕೆ ವ್ಯಾಲ್ಯೂ 1, ಬಿಟ್ಟಿದ್ದಕ್ಕೆ 0. ಕ್ಯಾಲ್ಕುಲೇಟರ್ ಗುಂಡಿಗೆ 140. ಎಲ್ಲ ಗುಂಡಿ ಮುಷ್ಕರ ಹೂಡಿದ ದಿನವೂ ಇದೊಂದು ನಿಯತ್ತಾಗಿ ಕೆಲಸ ಮಾಡುತ್ತಿರುತ್ತದೆ. ಅಡಿಕೆ ಮಂಡಿಯ ಲೆಕ್ಕವನ್ನು ಕ್ಯಾಲೆಂಡರಿನ ಹಿಂದೆ ಪೆನ್ನಿನಲ್ಲಿ ಬರೆಯುವ ಮನೆಯಲ್ಲಿ ಅದನ್ನು ಒತ್ತುವವರು ಯಾರೂ ಇಲ್ಲ ಅಷ್ಟೆ.

ಕೆಲವು ಗುಂಡಿಗಳಿಗೆ ಸ್ವಂತ ಕೋಡೇ ಇರುವುದಿಲ್ಲ. ಸ್ಕ್ರೀನ್‌ಶಾಟ್ ಚಿತ್ರ ಇರುವ ಗುಂಡಿ ಒತ್ತಿದರೆ ಸೂಪರ್ (ವಿಂಡೋಸ್ ಚಿತ್ರದ ಗುಂಡಿ), ಶಿಫ್ಟ್, ಎಸ್ ಮೂರನ್ನೂ ಒಟ್ಟಿಗೆ ಕಳಿಸುತ್ತದೆ, ಅದು ವಿಂಡೋಸಿನ ಪದ್ಧತಿ. ಇದಕ್ಕೆ ದೊಡ್ಡ ಚಿಕಿತ್ಸೆ ಬೇಡ. ಗ್ನೋಮ್ ಎಂಬ ಡೆಸ್ಕ್‌ಟಾಪ್ ಇದ್ದರೆ ಅದರ ಸೆಟ್ಟಿಂಗ್ಸಿನ ಕೀಬೋರ್ಡ್ ವಿಭಾಗದಲ್ಲಿ ಸ್ಕ್ರೀನ್‌ಶಾಟ್ ಶಾರ್ಟ್‌ಕಟ್ ತೆರೆದು ಅದೇ ಗುಂಡಿ ಒತ್ತಿ ಸೆಟ್ ಮಾಡಿದರೆ ಮುಗಿಯಿತು.

ಮೇಲಿನ ಸಾಲು ಅದಲುಬದಲಾಗಿದ್ದರೆ ಮೊದಲು ಎಫ್‌ಎನ್ ಜೊತೆ ಎಸ್ಕೇಪ್ ಒತ್ತಿ ನೋಡಿ, ಎಷ್ಟೋ ಕೀಬೋರ್ಡುಗಳಿಗೆ ಅಷ್ಟೇ ಔಷಧ. ಲಾಜಿಟೆಕ್ ಆಗಿದ್ದರೆ ಸೋಲಾರ್ ಎಂಬ ತಂತ್ರಾಂಶ ಇದೆ. ಮಾಡಿನ ಮೇಲೆ ಏನೂ ಕೂರಿಸಬೇಕಾಗಿಲ್ಲ, ಡೆಬಿಯನ್ ಉಬುಂಟು ಲಿನಕ್ಸ್‌ಗಳಲ್ಲಿ ತಂತ್ರಾಂಶ ತರಿಸುವ ಆಪ್ಟ್ (apt) ಮೂಲಕವೇ ಸಿಗುತ್ತದೆ. ಇನ್‌ಸ್ಟಾಲ್ ಆದಮೇಲೆ ಡಾಂಗಲನ್ನು ಒಮ್ಮೆ ಕಿತ್ತು ಮತ್ತೆ ಸಿಕ್ಕಿಸಬೇಕು. ಸಾಧನಗಳ ಅನುಮತಿ ನೋಡಿಕೊಳ್ಳುವ ಯುಡೆವ್‌ನ (udev) ಹೊಸ ನಿಯಮ ಆಗಲೇ ಲಾಗುವಾಗುವುದು, ಇಲ್ಲವಾದರೆ ಅನುಮತಿ ಇಲ್ಲ ಎಂದು ಗೊಣಗುತ್ತದೆ. ಒಳಗೆ ಫಂಕ್ಷನ್ ಗುಂಡಿ ಅದಲುಬದಲು ಮಾಡುವ ಸ್ವಿಚ್ ಇದೆ. ಸ್ವಿಚ್ ಮಂಕಾಗಿ ಕಂಡರೆ ಕೀಬೋರ್ಡ್ ನಿದ್ದೆಯಲ್ಲಿದೆ ಅಥವಾ ಆಫ್ ಆಗಿದೆ ಎಂದರ್ಥ, ಯಾವುದಾದರೂ ಗುಂಡಿ ಒತ್ತಿ ಎಬ್ಬಿಸಿ. ಇನ್ನೊಂದು ವಿಷಯ: ಈ ಸೆಟ್ಟಿಂಗ್‌ಗಳಲ್ಲಿ ಹಲವನ್ನು ಕೀಬೋರ್ಡ್ ನೆನಪಿಟ್ಟುಕೊಳ್ಳುವುದಿಲ್ಲ, ಅದು ಮತ್ತೆ ಸಂಪರ್ಕಕ್ಕೆ ಬಂದಾಗಲೆಲ್ಲ ಸೋಲಾರ್ ಹೇಳಿಕೊಡಬೇಕು. ಆದ್ದರಿಂದ ಅದು ಹಿನ್ನೆಲೆಯಲ್ಲಿ ಓಡುತ್ತಲೇ ಇರಬೇಕು. ಕೆಲಸ ಆಯಿತಲ್ಲ ಎಂದು ಮುಚ್ಚಿದರೆ ಮರುದಿನ ಬೆಳಿಗ್ಗೆ ಮತ್ತೆ ಹಳೇ ಕಥೆ.

ಕೀಕ್ರಾನ್ ಕಂಪನಿಯ ತರಹದ ಕೀಬೋರ್ಡುಗಳ ರೋಗ ಬೇರೆ. ಅವುಗಳಲ್ಲಿ ಹಲವು ಲಿನಕ್ಸಿನ ಮುಂದೆ ಆಪಲ್ ಎಂದು ಹೆಸರು ಹೇಳಿಕೊಳ್ಳುತ್ತವೆ, ಕರ್ನಲ್ ನಂಬಿ ಎಚ್‌ಐಡಿ ಆಪಲ್ (hid_apple) ಎಂಬ ಡ್ರೈವರನ್ನೇ ಕಟ್ಟುತ್ತದೆ. ಎಫ್1ರಿಂದ ಎಫ್12ರವರೆಗೆ ಒಂದೂ ಸಿಗದೆ ಬರೀ ಸದ್ದು, ಬೆಳಕು ಬರುತ್ತಿದ್ದರೆ ಇದೇ ಕಾರಣ. ಡ್ರೈವರುಗಳ ಸೆಟ್ಟಿಂಗ್ ಇರುವ ಮಾಡ್‌ಪ್ರೋಬ್ ಡಾಟ್ ಡಿ (modprobe.d) ಫೋಲ್ಡರಿನಲ್ಲಿ ಒಂದು ಫೈಲ್ ಮಾಡಿ, ಆ ಡ್ರೈವರಿನ ಎಫ್‌ಎನ್‌ಮೋಡ್ 2 ಎಂದು ಒಂದು ಸಾಲು (options hid_apple fnmode=2) ಬರೆದು, ಬೂಟ್ ಆಗುವಾಗ ಮೊದಲು ಓದುವ ಇನಿಟ್‌ರಾಮ್‌ಎಫ್‌ಎಸ್ (initramfs) ಅಪ್‌ಡೇಟ್ ಮಾಡಿ ರೀಬೂಟ್ ಕೊಟ್ಟರೆ ಎಫ್ ಗುಂಡಿಗಳು ಮೊದಲು, ಸದ್ದು ಬೆಳಕು ಎಫ್‌ಎನ್ ಒತ್ತಿದಾಗ.

ಎವ್‌ಟೆಸ್ಟಿನಲ್ಲಿ ಕೋಡ್ ಬರುತ್ತದೆ, ಆದರೆ ಬೇಡದ ಕೋಡ್ ಎಂದಾದರೆ ಯಾವ ಗುಂಡಿಗೆ ಯಾವ ಕೋಡ್ ಎಂದು ಬರೆದಿಡುವ ಯುಡೆವ್ ಎಚ್‌ಡಬ್ಲ್ಯುಡಿಬಿಗೆ (hwdb) ಇಳಿಯಬೇಕು. ಬೆಂಗಳೂರಿನ ಮಗ ಹೊಸನಗರದ ಅಪ್ಪನಿಗೆ ಫೋನಿನಲ್ಲಿ ಇದರ ಎರಡು ಸಾಲಿನ ಫೈಲನ್ನು ಬರೆಸುವ ಪ್ರಸಂಗ ಮಳೆಗಾಲದಲ್ಲಿ ಕೇಳಲು ಬಲು ಸೊಗಸು.

"ಅಪ್ಪಯ್ಯಾ, ಎರಡನೇ ಸಾಲಿನ ಮೊದಲಿಗೆ ಒಂದು ಸ್ಪೇಸ್ ಬಿಡಿ."

"ಬಿಟ್ಟೆ ಮಾರಾಯ."

"ಒಂದೇ ಬಿಟ್ಟದ್ದಾ?"

"ಬಿಟ್ಟದ್ದು ಕಾಣೂದಿಲ್ಲ, ಎಷ್ಟು ಅಂತ ಎಂತ ಹೇಳೂದು?"

ಆ ಒಂದು ಸ್ಪೇಸ್ ಇಲ್ಲದಿದ್ದರೆ ಆ ಸಾಲು ಲೆಕ್ಕಕ್ಕೇ ಇಲ್ಲ. ಮೊದಲ ಸಾಲಿನಲ್ಲಿ ಕೀಬೋರ್ಡಿನ ಗುರುತು. ಎವ್‌ಟೆಸ್ಟ್ ಅದನ್ನು ಸಣ್ಣ ಅಕ್ಷರದಲ್ಲಿ, ಮುಂದಿನ ಸೊನ್ನೆ ನುಂಗಿ 46ಡಿ (46d) ಎಂದು ತೋರಿಸುತ್ತದೆ. ಫೈಲಿನಲ್ಲಿ ಮಾತ್ರ ದೊಡ್ಡ ಅಕ್ಷರದಲ್ಲಿ, ನಾಲ್ಕು ಸ್ಥಾನ ತುಂಬಿಸಿ 046ಡಿ (046D) ಎಂದೇ ಇರಬೇಕು. ಎರಡನೇ ಸಾಲಿನ ಸ್ಕ್ಯಾನ್‌ಕೋಡ್, ಅಂದರೆ ಕೀಬೋರ್ಡ್ ಕಳಿಸುವ ಗುಂಡಿಯ ಮೂಲ ಗುರುತು, ಇದಕ್ಕೆ ತದ್ವಿರುದ್ಧ, ಸಣ್ಣ ಅಕ್ಷರವೇ ಆಗಬೇಕು. ಬರೆದ ಮೇಲೆ ಎರಡು ಆಜ್ಞೆ: ಸಿಸ್ಟಮ್‌ಡಿ ಎಚ್‌ಡಬ್ಲ್ಯುಡಿಬಿ ಅಪ್‌ಡೇಟ್ (systemd-hwdb update), ಅದರ ಹಿಂದೆ ಯುಡೆವ್‌ಎಡಿಎಂ ಟ್ರಿಗರ್ (udevadm trigger). ಎರಡರಲ್ಲಿ ಒಂದು ಮರೆತರೂ ಏನೂ ಬದಲಾಗುವುದಿಲ್ಲ, ಎಂಥ ತಪ್ಪು ಎಂದು ಯಾರೂ ಹೇಳುವುದೂ ಇಲ್ಲ.

ಈಗ ಮೈಕ್ ಗುಂಡಿ. ಅದರ ಕರ್ನಲ್ ಕೋಡ್ 248. ಪರದೆ ನಡೆಸುವ ಹಳೆಯ ವ್ಯವಸ್ಥೆ ಎಕ್ಸ್11 ಪ್ರತಿ ಕೋಡಿಗೂ 8 ಕೂಡಿಸಿಕೊಳ್ಳುತ್ತದೆ, ಅದರ ಮಿತಿ 255. ಕೂಡಿಸಿ ನೋಡಿ: 256. ಎಸ್ಸೆಸ್ಸೆಲ್ಸಿಯಲ್ಲಿ ಒಂದೇ ಅಂಕದಲ್ಲಿ ಫೇಲಾಗಿ ಕೂತ ಹುಡುಗನ ಪಾಡು. ಎವ್‌ಟೆಸ್ಟಿನಲ್ಲಿ ಕಣ್ಣಾರೆ ಕಾಣುವ ಗುಂಡಿ ಡೆಸ್ಕ್‌ಟಾಪ್ ತಲುಪುವುದೇ ಇಲ್ಲ. ಪರಿಹಾರವೂ ಎಚ್‌ಡಬ್ಲ್ಯುಡಿಬಿಯಲ್ಲೇ ಇದೆ: ಆ ಗುಂಡಿಯನ್ನು ಎಫ್20 ಎಂದು ಬರೆದುಬಿಡಿ. ಎಫ್20ರ ಕೋಡ್ 190, ಮಿತಿಯೊಳಗೆ ಆರಾಮವಾಗಿ ಕೂರುತ್ತದೆ, ಡೆಸ್ಕ್‌ಟಾಪುಗಳು ಅದನ್ನು ಮೈಕ್ ಮ್ಯೂಟ್ ಎಂದೇ ಓದುತ್ತವೆ. ಎಕ್ಸ್11ರ ಜಾಗಕ್ಕೆ ಬಂದ ವೇಲ್ಯಾಂಡ್‌ನಲ್ಲಿ ಈ 255ರ ಗಡಿ ಇಲ್ಲ.

ಎಲ್ಲ ಸರಿಯಾದ ಮೇಲೂ ನಡುನಡುವೆ ಅಕ್ಷರ ನುಂಗುತ್ತಿದ್ದರೆ ತಂತ್ರಾಂಶ ಮುಟ್ಟಲೇಬೇಡಿ. ಡಾಂಗಲ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ಯುಎಸ್‌ಬಿ 3.0 ಪೋರ್ಟಿನ ಗದ್ದಲವೂ ಅಲ್ಲೇ ಸುತ್ತಮುತ್ತ. ಇಂಟೆಲ್ ಇದನ್ನು 2012ರಲ್ಲೇ ಅಳೆದು ಬರೆದಿಟ್ಟಿದೆ. ನಡುಮನೆಯ ಟಿವಿ ಹಿಂದೆ ಮಿನಿ ಪಿಸಿ, ಅದರ ಬೆನ್ನಿನ ನೀಲಿ ಪೋರ್ಟಿನಲ್ಲಿ ಡಾಂಗಲ್, ಪಕ್ಕದಲ್ಲೇ ಹಾರ್ಡ್‌ಡಿಸ್ಕ್, ಕೀಬೋರ್ಡ್ ಮಾತ್ರ ಜಗಲಿಯ ಆರಾಮಕುರ್ಚಿಯಲ್ಲಿ. ಈ ಏರ್ಪಾಡಿನಲ್ಲಿ ಅಕ್ಷರ ತಲುಪುವುದೇ ದೊಡ್ಡದು. ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರು ತಂದು ಡಾಂಗಲನ್ನು ಟಿವಿಯ ಮುಂಭಾಗಕ್ಕೆ ಎಳೆದುಬಿಡಿ.

ಬ್ಲೂಟೂತ್‌ನಲ್ಲಿ ಡಾಂಗಲ್ ರಗಳೆ ಇಲ್ಲ. ಬ್ಲೂಟೂತ್‌ಸಿಟಿಎಲ್ (bluetoothctl) ಎಂಬ ಆಜ್ಞೆಯಲ್ಲಿ ಪೇರ್ ಆದ ಮೇಲೆ ಟ್ರಸ್ಟ್ ಕೊಡಲು ಮಾತ್ರ ಮರೆಯಬಾರದು, ಮರೆತರೆ ಪ್ರತಿ ಸಲ ಕೈಯಾರೆ ಕನೆಕ್ಟ್ ಮಾಡುವ ಕರ್ಮ. ಡಿಸ್ಕಿಗೆ ಪಾಸ್‌ವರ್ಡ್ ಬೀಗ ಹಾಕಿದವರು ಒಂದು ವೈರಿನ ಕೀಬೋರ್ಡನ್ನು ಅಟ್ಟದಲ್ಲಿ ಇಟ್ಟುಕೊಂಡಿರಬೇಕು, ಆ ಪಾಸ್‌ವರ್ಡ್ ಕೇಳುವ ಹೊತ್ತಿಗೆ ಸಾಮಾನ್ಯವಾಗಿ ಬ್ಲೂಟೂತ್ ಎದ್ದೇ ಇರುವುದಿಲ್ಲ.

ಡಾಂಗಲ್ ಕಳೆದರೆ? ಲಾಜಿಟೆಕ್‌ನ ಯೂನಿಫೈಯಿಂಗ್ ರಿಸೀವರ್ ಆದರೆ ಬೇರೆ ಕೊಂಡು ಸೋಲಾರ್‌ನಲ್ಲೇ ಪೇರ್ ಮಾಡಬಹುದು, ಒಂದಕ್ಕೆ ಆರು ಸಾಧನ ಕಟ್ಟಬಹುದು. ಅದಕ್ಕೂ ಅದೇ ಕಂಪನಿಯ ಬೋಲ್ಟ್ ರಿಸೀವರಿಗೂ ಮಾತುಕತೆ ಇಲ್ಲ, ಕೊಳ್ಳುವಾಗ ಗುರುತು ನೋಡಿ. ಹೆಸರಿಲ್ಲದ ಅಗ್ಗದ ಸೆಟ್ಟಾದರೆ ಡಾಂಗಲ್ ಜೊತೆ ಕೀಬೋರ್ಡಿನ ಕಥೆಯೂ ಬಹುತೇಕ ಮುಗಿದಂತೆ. ಮೊದಲು ಬ್ಯಾಟರಿ ಗೂಡಿನ ಒಳಗೆ ನೋಡಿ, ಡಾಂಗಲ್ ಇಡಲು ಅಲ್ಲೊಂದು ಸಂದಿ ಸಾಮಾನ್ಯವಾಗಿ ಇರುತ್ತದೆ.

ಆ ಗೂಡು ತೆರೆದಾಗ ಆಗುಂಬೆ ಸುತ್ತಿನ ಮನೆಗಳಲ್ಲಿ ಬಿಳಿ ಹಸಿರು ಪುಡಿ ಕಂಡರೆ ಆಶ್ಚರ್ಯವಿಲ್ಲ. ಸೋರಿದ ಆಲ್ಕಲೈನ್ ಸೆಲ್ ಮತ್ತು ಥಂಡಿ ಸೇರಿ ಮಾಡಿದ ಕೆಲಸ ಅದು. ಸೆಲ್ ತೆಗೆದು, ಹತ್ತಿಯ ತುದಿಗೆ ನಾಲ್ಕು ಹನಿ ನಿಂಬೆರಸ ಅದ್ದಿ ತಗಡನ್ನು ಒರೆಸಿ, ಒದ್ದೆ ಬಟ್ಟೆಯಿಂದ ಹುಳಿ ತೆಗೆಯಿರಿ. ಹೊಸ ಸೆಲ್ ಬದಲು ರೀಚಾರ್ಜ್ ಆಗುವವು ಹಾಕಿದರೆ ಮೊದಲ ದಿನವೇ ಬ್ಯಾಟರಿ ಕಡಿಮೆ ಎಂದು ತೋರಿಸೀತು, ಹೆದರಬೇಡಿ, ಅವು 1.2 ವೋಲ್ಟಿನವು, ಕೀಬೋರ್ಡ್ 1.5ರ ಲೆಕ್ಕದಲ್ಲಿ ಅಳೆಯುತ್ತಿದೆ. ಸೆಲ್ ಹಾಕುವ ಮುಂಚೆ ಗೂಡು ಪೂರ್ತಿ ಒಣಗಿರಬೇಕು. ಬಚ್ಚಲೊಲೆಯ ಹತ್ತಿರ ಇಟ್ಟು ಪ್ಲಾಸ್ಟಿಕ್ ಕರಗಿಸಿಕೊಳ್ಳಬೇಡಿ, ಫ್ಯಾನಿನ ಕೆಳಗೆ ಒಂದು ರಾತ್ರಿ ಸಾಕು, ಕರೆಂಟ್ ಇದ್ದರೆ.