ಪನೀರಿಗೆ ಬ್ಯಾಕ್ಟೀರಿಯಾ ಬೇಕಾಗಿಲ್ರೀ

ಚೀಸ್ ಹಂಗ ಪನೀರೂ ಬ್ಯಾಕ್ಟೀರಿಯಾದಿಂದನ ಆಗ್ತೈತಿ ಅಂತ ನಿಮ್ಮ ಲೇಖನದಾಗ ಬರ್ದೀರಲ್ಲ, ಅದು ತಪ್ಪು ರೀ. ಕುದಿಯೋ ಹಾಲಿಗೆ ನಿಂಬಿಹಣ್ಣು ಹಿಂಡಿದ್ರ ಆ ಹುಳಿಗೇ ಹಾಲು ಒಡೀತೈತಿ, ಅಲ್ಲಿ ಯಾವ ಬ್ಯಾಕ್ಟೀರಿಯಾದ ಕೆಲಸಾನೂ ಇಲ್ಲ. ಚೀಸಿನಾಗ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹಾಲಿನ ಸಕ್ಕರಿ ತಿಂದು ಹುಳಿ ಮಾಡ್ತಾವು, ರೆನೆಟ್ ಅನ್ನೋ ಕಿಣ್ವ ಹಾಕಿ ಹೆಪ್ಪುಗಟ್ಟಸ್ತಾರ, ಗಟ್ಟಿ ಚೀಸ್ ಆದ್ರ ತಿಂಗಳಗಟ್ಲೆ ಮಾಗಬೇಕು, ಸ್ವಿಸ್ ಚೀಸಿನಾಗಿನ ತೂತು ಸುದ್ದಾ ಬ್ಯಾಕ್ಟೀರಿಯಾ ಬಿಡೋ ಕಾರ್ಬನ್ ಡೈಆಕ್ಸೈಡಿಂದ ಆಗಿದ್ದು. ಚೀಸನ್ನ ಹೋಲಿಸೋದಾದ್ರ ನಮ್ಮ ಮಸರಿಗೆ ಹೋಲಿಸ್ರಿ, ಅದೂ ಬ್ಯಾಕ್ಟೀರಿಯಾದಿಂದನ ಆಗ್ತೈತಿ. ಧಾರವಾಡದ ಥಂಡ್ಯಾಗ ಹೆಪ್ಪು ಹಾಕಿದ ಗಡಿಗಿಗೆ ಕೌದಿ ಸುತ್ತಿ ಒಲಿ ಬಾಜೂಕ ಇಡೋದು ಯಾಕಂದ್ರ ಆ ಬ್ಯಾಕ್ಟೀರಿಯಾಕ್ಕ 40 ಡಿಗ್ರಿ ಆಸುಪಾಸು ಬೆಚ್ಚಗ ಬೇಕು, ನಮ್ಮವ್ವ ಥರ್ಮಾಮೀಟರ್ ಇಲ್ದನ ಬೆರಳು ಅದ್ದಿ ಅದನ್ನ ಗುರ್ತು ಹಿಡೀತಿದ್ಳು. ಇದರ ಬಗ್ಗೆ ಒಂದು ಸಾಲಾದ್ರೂ ಬರೀಬೇಕಿತ್ತು ನೋಡ್ರಿ.