ಒಂದು ಮಳೆಗಾಲಕ್ಕೆ ಬೋರ್‌ವೆಲ್ ತುಂಬಲ್ಲ
ಈ ಸಲ ಮಳೆ ಚೆನ್ನಾಗಾದ್ರೆ ಬೆಂಗಳೂರಿನ ಬತ್ತಿದ ಬೋರ್‌ವೆಲ್‌ಗಳೆಲ್ಲ ಮತ್ತೆ ತುಂಬ್ತವೆ ಅಂತ ನಿಮ್ಮ ಲೇಖನದಲ್ಲಿ ಬರ್ದಿದೀರಲ್ಲ, ಅದೊಂದು ಮಾತು ಒಪ್ಪಕ್ಕಾಗಲ್ಲ ಸರ್. ನಮ್ಮೂರು ಕೂತಿರೋದು ಪೆನಿನ್ಸುಲಾರ್ ನೈಸ್ ಅನ್ನೋ ಗಟ್ಟಿ ಬಂಡೆ ಮೇಲೆ, ಲಾಲ್‌ಬಾಗ್ ಗುಡ್ಡದಲ್ಲಿ ಕಾಣತ್ತಲ್ಲ ಅದೇ, 250 ಕೋಟಿ ವರ್ಷಕ್ಕಿಂತ ಹಳೇದು. ಮರಳಿನ ಥರ ಅದು ನೀರು ಕುಡಿಯಲ್ಲ, ನೀರು ನಿಲ್ಲೋದು ಮೇಲಿನ ಶಿಥಿಲ ಪದರದಲ್ಲಿ, ಅಂದ್ರೆ ಬಂಡೆ ಸವೆದು ಮೆತ್ತಗಾಗಿರೋ ಭಾಗದಲ್ಲಿ, ಅದರ ಕೆಳಗೆ ಬಿರುಕು ಇದ್ರೆ ಬಿರುಕಲ್ಲಿ, ಅಷ್ಟೇ. ನಮ್ಮ ಪಕ್ಕದ ಸೈಟಲ್ಲಿ ಬೋರ್ ಕೊರೀವಾಗ ನಿಂತು ನೋಡಿದೀನಿ, ಮೊದ್ಲು ಕೆಮ್ಮಣ್ಣು, ಆಮೇಲೆ ಕೈಲಿ ಹಿಸುಕಿದ್ರೆ ಪುಡಿಯಾಗೋ ಕಲ್ಲು, ಅಲ್ಲೀವರೆಗೂ ಮಣ್ಣು ಕುಸೀದಿರಲಿ ಅಂತ ಕೇಸಿಂಗ್ ಪೈಪ್ ಇಳಿಸಿಬಿಟ್ರು, ಅಲ್ಲಿಂದಾಚೆ ಗಟ್ಟಿ ಬಂಡೆ ಕೊರೆದ ಬರೀ ಬೂದು ಧೂಳು. ಅಂದ್ರೆ ಮಳೆನೀರು ಇಂಗೋ ಪದರಕ್ಕೇ ಪೈಪ್ ಅಡ್ಡ ಇದೆ, ಸಾವಿರ ಅಡಿ ಕೆಳಗಿನ ಬಿರುಕಿಗೆ ಆ ನೀರು ಹೋಗಿ ಸೇರಕ್ಕೆ ಎಷ್ಟೋ ವರ್ಷ ಬೇಕು. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳೋ ಊರಿದು, ಕಮ್ಮಿ ಏನಲ್ಲ, ಆದ್ರೆ ಕಾಂಕ್ರೀಟ್ ಮೇಲೆ ಬಿದ್ದಿದ್ದು ಸೀದಾ ರಾಜಕಾಲುವೆಗೆ ಹೋಗತ್ತೆ. 20-30 ಅಡಿ ಇಂಗುಬಾವಿ ತೋಡಿ ಆ ಮೇಲಿನ ಪದರ ತುಂಬಿಸೋದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ, ಮುಂದಿನ ಸಲ ಅದನ್ನ ಬರೀರಿ.